ಹಳೆಯ ಪಿಕಪ್‌ನ ಚಕ್ರದ ಮೊರೆತ: ಬೇರಿಂಗ್ ಬದಲಿಸಿದರೂ ಸದ್ದು ಹೋಗದಿದ್ದರೆ

ಓದುಗರ ಪ್ರಶ್ನೆ: "ನನ್ನ ಪಿಕಪ್‌ಗೆ ಈಗ 17 ವರ್ಷ, ಓಡಿರುವುದು ಸುಮಾರು 2,40,000 ಕಿಲೋಮೀಟರ್. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುವ, ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗ್ ಮತ್ತು ಡ್ರಮ್ ಬ್ರೇಕ್ ಇರುವ ಗಾಡಿ. ಎಂಟು ತಿಂಗಳಿಂದ ವೇಗ 45 ಕಿಲೋಮೀಟರ್ ದಾಟಿದ ಕೂಡಲೇ ಚಕ್ರದ ಕಡೆಯಿಂದ ಗುಂಯ್ ಎಂಬ ಮೊರೆತ ಶುರುವಾಗಿ, 70ರ ಹೊತ್ತಿಗೆ ಮಾತೇ ಕೇಳಿಸದಷ್ಟು ಜೋರಾಗುತ್ತದೆ. ನನ್ನ ಕಿವಿಗೆ ಅದು ಮುಂದಿನ ಎಡಗಡೆಯಿಂದ ಬಂದಂತೆ ಕೇಳಿಸುತ್ತದೆ. ಮೊದಲ ಮೆಕ್ಯಾನಿಕ್ ಮುಂದಿನ ಎಡ ಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಎರಡು ಬಳೆಗಳ ನಡುವೆ ಗುಂಡು ಅಥವಾ ರೋಲರ್ ಇರುವ ಭಾಗ) ಬದಲಿಸಿದರು, ಸದ್ದು ಹೋಗಲಿಲ್ಲ. ಎರಡನೆಯವರು ಟೈರಿನ ದೋಷವೆಂದರು. ಮುಂದಿನ ಎರಡೂ ಟೈರು ಹೊಸದಾಗಿ ಹಾಕಿಸಿದೆ. ಮೂರನೆಯವರು ಮುಂದಿನ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಬಿಚ್ಚಿ ಗ್ರೀಸ್ ತುಂಬಿದರು. ಒಂದು ವಾರ ಕಡಿಮೆಯಾಗಿ ಮತ್ತೆ ಬಂತು. ರಸ್ತೆ ಬಲಕ್ಕೆ ತಿರುಗುವಾಗ ಸದ್ದು ಹೆಚ್ಚು, ಎಡಕ್ಕೆ ತಿರುಗುವಾಗ ಬಹುತೇಕ ಇಲ್ಲ. ಹೊರೆ ಹೇರಿದರೆ ಇನ್ನೂ ಜೋರು. ನ್ಯೂಟ್ರಲ್‌ನಲ್ಲಿ ಉರುಳಲು ಬಿಟ್ಟರೂ ವ್ಯತ್ಯಾಸವಿಲ್ಲ. ಜಾಕ್ ಕೊಟ್ಟು ಅಲುಗಾಡಿಸಿದರೆ ಯಾವ ಚಕ್ರದಲ್ಲೂ ಪ್ಲೇ (ಸಡಿಲ ಅಲುಗಾಟ) ಇಲ್ಲ. ಹಳೇ ಗಾಡಿ ಎಂದರೆ ಇಷ್ಟೇ ಎನ್ನುತ್ತಾರೆ ಕೆಲವರು. ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಹೋಗಿದೆ ಎಂದು ಹೆದರಿಸುತ್ತಾರೆ ಇನ್ನು ಕೆಲವರು. ಮುಂದೆ ಏನು ಬದಲಿಸಲಿ? ಅಲ್ಲಿಯವರೆಗೆ ಇದನ್ನು ಓಡಿಸಬಹುದೇ?"

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಮೂರು ಸಲ ಹಣ ತೆತ್ತರೂ ದೋಷ ಸಿಗದಿರುವುದು ಒಂದು. ಈ ಸದ್ದಿನೊಂದಿಗೆ ಹೊರೆ ಹೊತ್ತು ಓಡಾಡುವುದು ಅಪಾಯವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕಾರಣ ಖಚಿತವಾಗುವವರೆಗೆ ಗಾಡಿಗೆ ಹೊರೆ ಹೇರಬೇಡಿ, ವೇಗವಾಗಿ ಓಡಿಸಬೇಡಿ, ದೂರದ ಪ್ರಯಾಣವನ್ನು ಮುಂದೂಡಿ. ಎಂಟು ತಿಂಗಳು ಏನೂ ಆಗಿಲ್ಲವೆಂಬುದು ಒಂಬತ್ತನೆಯ ತಿಂಗಳಿಗೆ ಭರವಸೆಯಾಗದು. ಹಾಗೆಂದು ಇವತ್ತೇ ಇನ್ನೊಂದು ಬಿಡಿಭಾಗ ತಂದು ಹಾಕಿಸಬೇಕೆಂದೂ ಅಲ್ಲ. ನೀವು ಬರೆದಿರುವ ಲಕ್ಷಣಗಳಲ್ಲೇ ಅರ್ಧ ಉತ್ತರವಿದೆ. ಇದುವರೆಗೆ ನಡೆದ ಮೂರು ರಿಪೇರಿಗಳೂ ಆ ಲಕ್ಷಣಗಳನ್ನು ವಿಚಾರಿಸದೆ, ನಿಮ್ಮ ಕಿವಿ ತೋರಿಸಿದ ದಿಕ್ಕನ್ನಷ್ಟೇ ನಂಬಿ ನಡೆದಿವೆ.

ಚಾಲಕನ ಕಿವಿ ಈ ವಿಷಯದಲ್ಲಿ ಅಷ್ಟು ನಂಬಲರ್ಹವಲ್ಲ. ಪಿಕಪ್‌ನ ಚಾಸಿ ಎಂದರೆ ಉದ್ದನೆಯ ಎರಡು ಉಕ್ಕಿನ ತೊಲೆಗಳು. ಹಿಂದಿನ ಆಕ್ಸಲ್‌ನಲ್ಲಿ ಹುಟ್ಟಿದ ಕಂಪನ ಪಟ್ಟಿ ಸ್ಪ್ರಿಂಗ್ ಮೂಲಕ ಆ ತೊಲೆಗೆ ಹತ್ತಿ, ಅದರುದ್ದಕ್ಕೂ ಹರಿದು, ಕ್ಯಾಬಿನ್ ಕುಳಿತಿರುವ ರಬ್ಬರ್ ಮೌಂಟುಗಳ ಹತ್ತಿರ ಸದ್ದಾಗಿ ಹೊರಬೀಳುತ್ತದೆ. ಹಾಗಾಗಿ ಹಿಂದಿನ ಚಕ್ರದ ಮೊರೆತವು ಪಾದದ ಬುಡದಿಂದಲೇ ಬಂದಂತೆ ಕೇಳಿಸುವುದು ಅಪರೂಪವಲ್ಲ. ಎಡ ಯಾವುದು, ಬಲ ಯಾವುದು ಎಂಬುದನ್ನು ಕಿವಿ ಹೆಚ್ಚಾಗಿ ಸರಿಯಾಗಿ ಹೇಳುತ್ತದೆ. ಮುಂದೆಯೋ ಹಿಂದೆಯೋ ಎಂಬಲ್ಲಿ ತಪ್ಪುತ್ತದೆ.

ಈಗ ನಿಮ್ಮ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ. ನ್ಯೂಟ್ರಲ್‌ನಲ್ಲಿ ಉರುಳಿದಾಗಲೂ ಸದ್ದು ಅಷ್ಟೇ ಇದೆ ಎಂದರೆ ಅದು ಎಂಜಿನ್ನಿನ ತಿರುಗುವಿಕೆಯನ್ನು ಅನುಸರಿಸುತ್ತಿಲ್ಲ, ಗಾಡಿಯ ವೇಗವನ್ನು ಅನುಸರಿಸುತ್ತಿದೆ. ಎಂಜಿನ್, ಕ್ಲಚ್, ಫ್ಯಾನ್, ಆಲ್ಟರ್ನೇಟರ್ ಇವೆಲ್ಲ ಅಲ್ಲಿಗೆ ಪಟ್ಟಿಯಿಂದ ಹೊರಗಾದವು. ಉಳಿದಿದ್ದು ಟೈರು, ಚಕ್ರದ ಬೇರಿಂಗ್, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಉದ್ದನೆಯ ದಂಡ) ಮತ್ತು ಡಿಫರೆನ್ಷಿಯಲ್. ಡಿಫರೆನ್ಷಿಯಲ್‌ನ ಹಲ್ಲುಗಳಿಂದ ಬರುವ ಮೊರೆತಕ್ಕೆ ಒಂದು ಗುಣವಿದೆ: ಆಕ್ಸಿಲರೇಟರ್ ಒತ್ತಿದಾಗ ಹಲ್ಲಿನ ಒಂದು ಮುಖ ಒತ್ತುತ್ತದೆ, ಬಿಟ್ಟಾಗ ಇನ್ನೊಂದು ಮುಖ. ಆದ್ದರಿಂದ ಒತ್ತಿ ಬಿಡುವುದರೊಂದಿಗೆ ಸದ್ದಿನ ಸ್ವರವೋ ಜೋರೋ ಬದಲಾಗುತ್ತದೆ. ನಿಮ್ಮ ಗಾಡಿಯಲ್ಲಿ ಹಾಗಾಗುತ್ತಿಲ್ಲ. ಹೀಗಾಗಿ ಡಿಫರೆನ್ಷಿಯಲ್‌ ಬಗ್ಗೆ ಹೆದರಿಸಿದವರ ಮಾತನ್ನು ಸದ್ಯಕ್ಕೆ ಬದಿಗಿಡಬಹುದು. ಆದರೂ ಅದರ ಆಯಿಲ್ ಮಟ್ಟವನ್ನು ಒಮ್ಮೆ ನೋಡಿಸಿ, ಕಾರಣವನ್ನು ಮುಂದೆ ಹೇಳುತ್ತೇನೆ.

ತಿರುವಿನ ಲಕ್ಷಣ ಇನ್ನೂ ಮುಖ್ಯವಾದದ್ದು. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಚಕ್ರಗಳ ಮೇಲೆ ಹೊರಳುತ್ತದೆ, ಎಡಕ್ಕೆ ತಿರುಗುವಾಗ ಬಲ ಚಕ್ರಗಳ ಮೇಲೆ. ಕೆಟ್ಟ ಬೇರಿಂಗ್ ಭಾರ ಬಿದ್ದಾಗ ಕೂಗುತ್ತದೆ, ಭಾರ ಇಳಿದಾಗ ಸುಮ್ಮನಾಗುತ್ತದೆ. ಆದ್ದರಿಂದ ನಿಮ್ಮ ಗಾಡಿಯ ಎಡಭಾಗವೇ ಮೊದಲ ಅನುಮಾನಕ್ಕೆ ಗುರಿಯಾಗುತ್ತದೆ. ಇದನ್ನು ತೀರ್ಪೆಂದು ಮಾತ್ರ ತಿಳಿಯಬೇಡಿ: ಒಂದೇ ಹಬ್‌ನಲ್ಲಿ ಒಳಗೊಂದು ಹೊರಗೊಂದು ಟೇಪರ್ ರೋಲರ್ ಬೇರಿಂಗ್ (ಒಂದು ತುದಿ ಕಿರಿದಾದ ರೋಲರ್‌ಗಳಿರುವ ಬೇರಿಂಗ್) ಇರುವಲ್ಲಿ ಅಡ್ಡ ಒತ್ತಡ ಎರಡಕ್ಕೂ ಸಮನಾಗಿ ಬೀಳದೆ, ಕೆಲವೊಮ್ಮೆ ತಿರುವಿನ ಪರೀಕ್ಷೆ ಉಲ್ಟಾ ಉತ್ತರ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ. ಇನ್ನು ಹೊರೆ ಹೇರಿದಾಗ ಜೋರಾಗುತ್ತದೆ ಎಂದಿದ್ದೀರಿ. ಪಿಕಪ್‌ನಲ್ಲಿ ಹೊರೆಯ ಬಹುಪಾಲು ಕೂರುವುದು ಹಿಂದಿನ ಆಕ್ಸಲ್ ಮೇಲೆ. ಎಡಭಾಗ ಮತ್ತು ಹಿಂಭಾಗ ಎರಡನ್ನೂ ಕೂಡಿಸಿದರೆ, ಇದುವರೆಗೆ ಯಾರೂ ಬಿಚ್ಚಿ ನೋಡದ ಹಿಂದಿನ ಎಡ ಚಕ್ರದ ಹತ್ತಿರ ಬಂದು ನಿಲ್ಲುತ್ತೇವೆ.

ಹಾಗಾದರೆ ಮುಂದಿನ ಹಬ್‌ಗೆ ಗ್ರೀಸ್ ತುಂಬಿದಾಗ ಒಂದು ವಾರ ಸದ್ದು ಇಳಿದದ್ದೇಕೆ? ಆ ವಾರ ಗಾಡಿ ಖಾಲಿ ಓಡಿತ್ತೇ, ಬೇರೆ ರಸ್ತೆಯಲ್ಲಿ ಓಡಿತ್ತೇ ಎಂದು ನೆನಪಿಸಿಕೊಳ್ಳಿ. ದೋಷ ಮುಂದೆಯೇ ಇದ್ದರೂ ದಪ್ಪ ಗ್ರೀಸ್ ಕೆಲವು ದಿನ ಸದ್ದನ್ನು ಅದುಮಿಡಬಲ್ಲದೇ ಹೊರತು, ಚಕ್ಕೆ ಎದ್ದ ಉಕ್ಕನ್ನು ಅದು ಮತ್ತೆ ನುಣುಪು ಮಾಡಲಾರದು.

ಪ್ಲೇ ಇಲ್ಲದಿದ್ದರೆ ಬೇರಿಂಗ್ ಚೆನ್ನಾಗಿದೆ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಅದೇ ನಿಮ್ಮ ಮೆಕ್ಯಾನಿಕ್‌ಗಳನ್ನೂ ದಾರಿ ತಪ್ಪಿಸಿರಬಹುದು. ಬೇರಿಂಗ್ ಸಾಮಾನ್ಯವಾಗಿ ಸವೆದು ಸಡಿಲಾಗಿ ಸಾಯುವುದಿಲ್ಲ. ಗುಂಡುಗಳೋ ರೋಲರ್‌ಗಳೋ ಲಕ್ಷಾಂತರ ಸಲ ಒಂದೇ ದಾರಿಯಲ್ಲಿ ಉರುಳಿ, ಉಕ್ಕಿನ ಮೇಲ್ಮೈಯ ತುಸು ಕೆಳಗೆ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಅದು ಮೇಲಕ್ಕೆ ಬಂದಾಗ ಸಣ್ಣದೊಂದು ಚಕ್ಕೆ ಎದ್ದು ಹೋಗುತ್ತದೆ. ಆ ಗುಳಿಯ ಮೇಲೆ ಪ್ರತಿ ಗುಂಡೂ ಹಾಯುವಾಗ ಒಂದೊಂದು ಪೆಟ್ಟು ಬೀಳುತ್ತದೆ, ವೇಗ ಹೆಚ್ಚಿದಂತೆ ಆ ಪೆಟ್ಟುಗಳೆಲ್ಲ ಕೂಡಿ ಮೊರೆತವಾಗುತ್ತವೆ. ಕೈಗೆ ಸಿಗುವಷ್ಟು ಪ್ಲೇ ಬರುವುದು ಇದಕ್ಕಿಂತ ಬಹಳ ತಡವಾಗಿ, ಕೆಲವೊಮ್ಮೆ ಕೊನೆಯ ಕೆಲವೇ ದಿನಗಳಲ್ಲಿ. ಆದ್ದರಿಂದ ಪ್ಲೇ ಸಿಕ್ಕರೆ ದೋಷವಿದೆ ಎನ್ನಬಹುದು. ಸಿಗದಿದ್ದರೆ ದೋಷವಿಲ್ಲ ಎನ್ನಲಾಗದು.

ಆದರೂ ಬೇರಿಂಗ್ ಬಿಚ್ಚಿಸುವ ಮೊದಲು ಟೈರುಗಳನ್ನು ನಿರ್ದೋಷಿಗಳೆಂದು ಸಾಬೀತು ಮಾಡಲೇಬೇಕು, ಏಕೆಂದರೆ ಉಬ್ಬುತಗ್ಗಾಗಿ ಸವೆದ ಟೈರು ಮತ್ತು ಕೆಟ್ಟ ಬೇರಿಂಗ್ ಕಿವಿಗೆ ಅವಳಿಗಳಂತೆ ಕೇಳಿಸುತ್ತವೆ. ಹೊಸ ಟೈರು ಹಾಕಿಸಿದ್ದು ಮುಂದಕ್ಕೆ ಮಾತ್ರ. ಹಿಂದಿನವು ಹಳೆಯವೇ ಇವೆ. ಖಾಲಿ ಓಡುವ ಪಿಕಪ್‌ನ ಹಿಂಭಾಗ ಹಗುರವಾಗಿದ್ದು ಪುಟಿಯುತ್ತದೆ. ಶಾಕ್ ಅಬ್ಸಾರ್ಬರ್ ಸೋತಿದ್ದರೆ ಆ ಪುಟಿತಕ್ಕೆ ಹಿಡಿತವಿಲ್ಲದೆ, ಟೈರು ನೆಲಕ್ಕೆ ಬಡಿದಲ್ಲಿ ಹೆಚ್ಚು, ಎದ್ದಲ್ಲಿ ಕಡಿಮೆ ಸವೆದು, ಬಟ್ಟಲು ತೋಡಿದಂಥ ಗುಳಿಗಳಾಗುತ್ತವೆ. ಗಾಡಿ ನಿಲ್ಲಿಸಿ, ಟೈರಿನ ಮೈಮೇಲೆ ಅಂಗೈಯನ್ನು ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ನಿಧಾನವಾಗಿ ಸವರಿ. ತಂತಿ ಹೊರಬಂದಿದ್ದರೆ ಕೈ ಕುಯ್ಯುತ್ತದೆ, ಹಾಗಾಗಿ ಕೈಗವಸು ಧರಿಸಿ. ಗರಗಸದ ಹಲ್ಲಿನಂತೆ ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದಕ್ಕೆ ತಡೆದಂತಾದರೆ, ಇಲ್ಲವೇ ಏರಿಳಿತ ಸಿಕ್ಕರೆ, ಸದ್ದಿನ ಒಂದು ಪಾಲಾದರೂ ಅಲ್ಲಿಂದ ಬರುತ್ತಿದೆ. ಟೈರಿನ ಮೈ ಅಥವಾ ಬದಿ ಎಲ್ಲಾದರೂ ಊದಿಕೊಂಡಿದ್ದರೆ ಒಳಗಿನ ಪದರ ಬಿಟ್ಟಿದೆ ಎಂದರ್ಥ. ಅಂಥ ಟೈರಿನಲ್ಲಿ ಪರೀಕ್ಷೆಯನ್ನೂ ಮಾಡಬೇಡಿ, ಮೊದಲು ತೆಗೆಸಿ. ಟೈರಿನ ವಯಸ್ಸನ್ನೂ ನೋಡಿ: ಬದಿಯ ಮೇಲೆ ಅಚ್ಚಾಗಿರುವ ಗುರುತಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು.

ಟೈರನ್ನೂ ಬೇರಿಂಗನ್ನೂ ಬೇರ್ಪಡಿಸಲು ಎರಡು ಸರಳ ಪರೀಕ್ಷೆಗಳಿವೆ. ಒರಟು ಡಾಂಬರಿನಿಂದ ನುಣುಪಾದ ರಸ್ತೆಗೆ ಬಂದ ಕ್ಷಣದಲ್ಲಿ ಸದ್ದಿನ ಬಣ್ಣವೇ ಬದಲಾದರೆ ಅದು ಟೈರಿನದು, ರಸ್ತೆ ಬದಲಾದರೂ ಒಂದೇ ಸಮನೆ ಮೊರೆಯುತ್ತಿದ್ದರೆ ಬೇರಿಂಗಿನದು. ಇನ್ನೂ ಗಟ್ಟಿ ಪುರಾವೆ ಬೇಕೆಂದರೆ, ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದಲ್ಲಿ, ಹಿಂದಿನ ಎರಡು ಚಕ್ರಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸದ್ದಿನ ಸ್ವರವೋ ಜಾಗವೋ ಬದಲಾದರೆ ಟೈರು. ಏನೂ ಬದಲಾಗದಿದ್ದರೆ ಟೈರು ಬಿಡುಗಡೆ. ಎರಡನೆಯ ಮೆಕ್ಯಾನಿಕ್ ಹೊಸ ಟೈರು ಕೊಳ್ಳಿಸುವ ಮುನ್ನ ಇದನ್ನು ಮಾಡಿದ್ದರೆ ನಿಮಗೆ ಆ ಖರ್ಚು ಬರುತ್ತಿರಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಇದಕ್ಕೆ ಜಾಕ್, ಸ್ಪ್ಯಾನರ್ ಮತ್ತು ಒಂದು ಗಂಟೆ ಬಿಟ್ಟು ಬೇರೇನೂ ಬೇಡ.

ಸದ್ದು ಮೊರೆತವಾಗಿರದೆ ಟಕ್ ಟಕ್ ಎಂದು ಬಿಡಿಬಿಡಿಯಾಗಿದ್ದರೆ ಎಣಿಸಿಯೇ ಅದರ ಮೂಲ ಹಿಡಿಯಬಹುದು. ಸುಮಾರು 70 ಸೆಂಟಿಮೀಟರ್ ಎತ್ತರದ ಟೈರು ಒಂದು ಸುತ್ತಿಗೆ 2.2 ಮೀಟರ್ ಕ್ರಮಿಸುತ್ತದೆ; ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಅದು ಹೆಚ್ಚುಕಡಿಮೆ ಸೆಕೆಂಡಿಗೊಂದು ಸುತ್ತು ಹಾಕುತ್ತದೆ. ಆ ವೇಗದಲ್ಲಿ ಸದ್ದು ಸೆಕೆಂಡಿಗೆ ಒಮ್ಮೆ ಬಂದರೆ ಅದು ಚಕ್ರದೊಂದಿಗೆ ತಿರುಗುವ ವಸ್ತುವಿನದು: ಟೈರಿನಲ್ಲಿ ಚುಚ್ಚಿದ ಕಲ್ಲು, ಡ್ರಮ್‌ನ ಓರೆ, ಸಡಿಲಾದ ನಟ್ಟು. ಸೆಕೆಂಡಿಗೆ ನಾಲ್ಕರಷ್ಟು ಬಂದರೆ ಪ್ರೊಪೆಲ್ಲರ್ ಶಾಫ್ಟಿನದು, ಏಕೆಂದರೆ ಹೆಚ್ಚಿನ ಪಿಕಪ್‌ಗಳಲ್ಲಿ ಅದು ಚಕ್ರಕ್ಕಿಂತ ಮೂರೂವರೆಯಿಂದ ನಾಲ್ಕೂವರೆ ಪಟ್ಟು ಬೇಗ ತಿರುಗುತ್ತದೆ. ಆ ಶಾಫ್ಟಿನ ತುದಿಯ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಒಣಗಿದ್ದರೆ ಹೊರಡುವಾಗ ಹಕ್ಕಿ ಚಿಲಿಪಿಲಿಗುಟ್ಟಿದಂತೆ ಕಿರುಚಿ, ರಿವರ್ಸ್‌ನಿಂದ ಮುಂದಿನ ಗೇರಿಗೆ ಬದಲಿಸುವಾಗ ಟಣ್ ಎನ್ನುತ್ತದೆ. ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿದ ಕೂಡಲೇ ನಿಲ್ಲುವ ಸದ್ದು ಬ್ರೇಕಿಗೆ ಸೇರಿದ್ದು. ನಿಮ್ಮದು ಇವು ಯಾವುವೂ ಅಲ್ಲವೆಂದು ತೋರುತ್ತದೆ. ಆದರೂ ಎಲ್ಲಕ್ಕಿಂತ ಮೊದಲು ನಾಲ್ಕೂ ಚಕ್ರಗಳ ನಟ್ಟುಗಳು ಬಿಗಿಯಾಗಿವೆಯೇ ನೋಡಿ, ಅದರಲ್ಲೂ ಇಷ್ಟು ಸಲ ಚಕ್ರ ಕಳಚಿರುವ ಗಾಡಿಯಲ್ಲಿ.

ಇನ್ನು ಬೇರಿಂಗನ್ನೇ ಮುಟ್ಟಿ ನೋಡುವ ಕೆಲಸ. ಸಮತಟ್ಟಾದ ಗಟ್ಟಿ ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಟ್ಟು, ಹಿಂದಿನ ಆಕ್ಸಲನ್ನು ಎತ್ತಿ, ಎರಡೂ ಬದಿಗೆ ಸ್ಟ್ಯಾಂಡ್ ಇಡಿ. ಜಾಕ್ ಎತ್ತುವುದಕ್ಕಷ್ಟೇ, ಹೊತ್ತು ನಿಲ್ಲುವುದಕ್ಕಲ್ಲ. ಜಾಕ್ ಒಂದನ್ನೇ ನಂಬಿ ಗಾಡಿಯಡಿಗೆ ಹೋಗಬೇಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಪಟ್ಟಿ ಸ್ಪ್ರಿಂಗಿನ ಮೇಲೆ, ಆಕ್ಸಲ್‌ಗೆ ಆದಷ್ಟು ಹತ್ತಿರ ಇಡಿ. ಕಿವಿಗೆ ಕೇಳಿಸದ ಕರಕರ ಬೆರಳಿಗೆ ತಿಳಿಯುತ್ತದೆ. ಎಡಕ್ಕೂ ಬಲಕ್ಕೂ ಹೋಲಿಸಿ, ಏಕೆಂದರೆ ಇಲ್ಲಿ ಅರ್ಥವಿರುವುದು ವ್ಯತ್ಯಾಸಕ್ಕೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಗೂಡಿಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೂ ಆಗುತ್ತದೆ, ಆದರೆ ತಿರುಗುವ ಯಾವ ಭಾಗದ ಹತ್ತಿರವೂ ಅದು ಹೋಗಬಾರದು. ಎಂಜಿನ್ನಿನಿಂದ ಚಕ್ರ ತಿರುಗಿಸಿ ಆಲಿಸುವುದನ್ನು ಗ್ಯಾರೇಜಿಗೇ ಬಿಡಿ. ಒಂದು ಚಕ್ರ ಮಾತ್ರ ಮೇಲಿದ್ದು ಇನ್ನೊಂದು ನೆಲದಲ್ಲಿದ್ದಾಗ ಗೇರ್ ಹಾಕಿದರೆ ಗಾಡಿ ಸ್ಟ್ಯಾಂಡಿನಿಂದ ಜಿಗಿಯಬಹುದು. ಜಿಗಿಯದಿದ್ದರೂ ಎತ್ತಿದ ಚಕ್ರ ಸ್ಪೀಡೋಮೀಟರ್ ತೋರಿಸುವುದರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ.

ಇನ್ನೊಂದು ಸುಳಿವು ಶಾಖ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಬಳಸದೆ ನಿಲ್ಲಿಸಿ, ಎಡ ಬಲ ಎರಡೂ ಹಿಂದಿನ ಹಬ್‌ಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟುವ ಅವಸರ ಬೇಡ. ಒಂದು ಬದಿ ಸ್ಪಷ್ಟವಾಗಿ ಹೆಚ್ಚು ಬಿಸಿಯಿದ್ದರೆ ಅಲ್ಲಿ ಬೇರಿಂಗ್ ಕೆಟ್ಟಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ಒಳಬದಿಯನ್ನೂ ಬಗ್ಗಿ ನೋಡಿ. ಎಣ್ಣೆಯ ಗೆರೆಗಳು ಹರಡಿದ್ದು, ಗಂಧಕದಂಥ ಗೇರ್ ಆಯಿಲ್ ವಾಸನೆ ಇದ್ದರೆ ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಹೋಗಿದೆ. ಡಿಫರೆನ್ಷಿಯಲ್ ಆಯಿಲ್ ಮಟ್ಟ ನೋಡಲು ಹೇಳಿದ್ದು ಇದಕ್ಕಾಗಿಯೇ: ಕೆಲವು ಗಾಡಿಗಳಲ್ಲಿ ಹಿಂದಿನ ಚಕ್ರದ ಬೇರಿಂಗ್ ಬದುಕುವುದು ಅದೇ ಎಣ್ಣೆಯಿಂದ. ಸೋರಿದ ಎಣ್ಣೆ ಬ್ರೇಕ್ ಶೂಗಳಿಗೆ ತಾಗಿದ್ದರೆ ಅವನ್ನು ತೊಳೆದು ಮತ್ತೆ ಹಾಕಬಾರದು, ಬದಲಿಸಬೇಕು.

ಬೇರಿಂಗ್ ಕೆಡಲು ವಯಸ್ಸೊಂದೇ ಕಾರಣವಲ್ಲ. ಗುಂಡಿನ ಬೇರಿಂಗಿನ ಆಯುಷ್ಯ ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ, ಅಂದರೆ ಹೊರೆ ದುಪ್ಪಟ್ಟಾದರೆ ಆಯುಷ್ಯ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್‌ಗಳೂ ಇದೇ ಕೆಡುಕು ಮಾಡುತ್ತವೆ. ದೂರ ಓಡಿ ಬಿಸಿಯಾದ ಆಕ್ಸಲ್ ಆಳವಾದ ನೀರಿಗಿಳಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಆಕ್ಸಲ್ ಮೇಲಿನ ಉಸಿರುಗೊಳವೆ ಕಟ್ಟಿಕೊಂಡಿದ್ದರೆ ಈ ಹೀರುವಿಕೆ ಇನ್ನೂ ಬಲವಾಗುವುದಲ್ಲದೆ, ಬಿಸಿಯಲ್ಲಿ ಒಳಗೆ ಒತ್ತಡ ಏರಿ ಸೀಲುಗಳು ಸೋರುತ್ತವೆ. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗ ವಿದ್ಯುತ್ತು ಬೇರಿಂಗ್ ಮೂಲಕ ಹಾದುಹೋಗುವಂತೆ ಅರ್ಥ್ ಕ್ಲಾಂಪ್ ಸಿಕ್ಕಿಸಿದರೂ ಗುಂಡುಗಳ ಮೇಲೆ ಸುಟ್ಟ ಚುಕ್ಕೆಗಳೇಳುತ್ತವೆ. ನಿಮ್ಮ ಗಾಡಿಗೆ ಇವುಗಳಲ್ಲಿ ಯಾವುದಾದರೂ ಆಗಿದೆಯೇ ಎಂದು ಯೋಚಿಸಿ, ಏಕೆಂದರೆ ಕಾರಣ ಉಳಿದರೆ ಹೊಸ ಬೇರಿಂಗೂ ಅದೇ ದಾರಿ ಹಿಡಿಯುತ್ತದೆ.

ಪರೀಕ್ಷೆಗಳೆಲ್ಲ ಹಿಂದಿನ ಎಡ ಬೇರಿಂಗಿನತ್ತಲೇ ಬೆರಳು ಮಾಡಿದರೆ ನಿಮ್ಮ ಮುಂದಿರುವ ಆಯ್ಕೆಗಳೇನು ಎಂಬುದು ಆಕ್ಸಲ್ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಚಕ್ರದ ನಡುವೆ ಹಬ್ ಉಬ್ಬಿ ಹೊರಬಂದು, ಅದರ ಮೇಲೆ ಬೋಲ್ಟುಗಳ ಒಂದು ಬಳೆ ಕಾಣುತ್ತಿದ್ದರೆ, ಗಾಡಿಯ ಭಾರವನ್ನು ಹೊರುವುದು ಆಕ್ಸಲ್ ಕೊಳವೆಯ ಮೇಲಿನ ಎರಡು ಬೇರಿಂಗುಗಳು, ಒಳಗಿನ ಶಾಫ್ಟ್ ತಿರುಗಿಸುತ್ತದೆ ಅಷ್ಟೇ. ಇಲ್ಲಿ ರಿಪೇರಿ ಸುಲಭ, ಅಪಾಯವೂ ತುಸು ಕಡಿಮೆ. ಚಿಕ್ಕ ಪಿಕಪ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಬಗೆ: ಚಕ್ರ ನೇರವಾಗಿ ಆಕ್ಸಲ್ ಶಾಫ್ಟಿನ ತುದಿಗೆ ಕೂತಿರುತ್ತದೆ, ಭಾರವನ್ನೂ ಶಾಫ್ಟೇ ಹೊರುತ್ತದೆ, ತುದಿಯಲ್ಲಿರುವುದು ಒಂದೇ ಬೇರಿಂಗ್. ಅದು ಪೂರ್ತಿ ಪುಡಿಯಾದರೆ ಶಾಫ್ಟ್ ಓಲಾಡಿ ಸೀಲು, ಡ್ರಮ್, ಕೊನೆಗೆ ಶಾಫ್ಟ್ ಎಲ್ಲವನ್ನೂ ತಿನ್ನುತ್ತದೆ, ಮತ್ತು ಅನೇಕ ವಿನ್ಯಾಸಗಳಲ್ಲಿ ಚಕ್ರ ಶಾಫ್ಟಿನ ಸಮೇತ ಹೊರಬರುವ ಸಾಧ್ಯತೆಯಿದೆ. ಆದ್ದರಿಂದ ಬರಿಯ ಗ್ರೀಸ್ ಹಾಕಿಸಿ ಇನ್ನಷ್ಟು ದಿನ ತಳ್ಳುವ ಆಯ್ಕೆಯನ್ನು ನಾನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ.

ಬೇರಿಂಗ್, ಸೀಲು ಎರಡನ್ನೂ ಬದಲಿಸುವುದು ಸಹಜವಾದ ದಾರಿ. ಇಲ್ಲಿ ಒಂದು ಅನುಭವ ಹೇಳಬೇಕು. ಹಲವು ವರ್ಷಗಳ ಹಿಂದೆ ನಾನು ಒಂದು ಪಿಕಪ್‌ನ ಹಿಂದಿನ ಬೇರಿಂಗ್ ಬದಲಿಸಿ ಕಳಿಸಿದೆ. ಕೆಲವೇ ತಿಂಗಳಲ್ಲಿ ಅದೇ ಸದ್ದಿನೊಂದಿಗೆ ಗಾಡಿ ಮರಳಿತು. ಬೇರಿಂಗ್ ಕಳಪೆ ಇರಬೇಕೆಂದು ಮತ್ತೊಂದು ಹಾಕಿದೆ, ಅದೂ ಹೋಯಿತು. ಮೂರನೆಯ ಸಲ ಬಿಚ್ಚಿದಾಗ ಶಾಫ್ಟನ್ನು ಚೆನ್ನಾಗಿ ಒರೆಸಿ ಉಗುರಿನಿಂದ ಗೀರಿ ನೋಡಿದೆ. ಆ ಮಾದರಿಯಲ್ಲಿ ರೋಲರ್‌ಗಳು ಉರುಳುತ್ತಿದ್ದುದು ನೇರವಾಗಿ ಶಾಫ್ಟಿನ ಮೈಮೇಲೆ, ಮತ್ತು ಅಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿತ್ತು. ಶಾಫ್ಟ್ ಬದಲಿಸಿದ ಮೇಲೆ ಸದ್ದು ಹೋಯಿತು. ಅಂದಿನಿಂದ ಬೇರಿಂಗ್ ಆರ್ಡರ್ ಮಾಡುವ ಮೊದಲು ಶಾಫ್ಟನ್ನು ನೋಡುತ್ತೇನೆ. ನಿಮ್ಮ ಮೆಕ್ಯಾನಿಕ್‌ಗೂ ಹಾಗೆಯೇ ಹೇಳಿ.

ಬೇರಿಂಗನ್ನು ಶಾಫ್ಟಿನ ಮೇಲೆ ಒತ್ತಿ ಕೂರಿಸುವ ಬಗೆಯಾದರೆ ಪ್ರೆಸ್ ಇರುವ ಕಡೆಯೇ ಮಾಡಿಸಿ, ಒತ್ತಡ ಒಳಬಳೆಯ ಮೇಲೆ ಮಾತ್ರ ಬೀಳಲಿ. ಹೊರಬಳೆಗೆ ಸುತ್ತಿಗೆಯಿಂದ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗಿನಲ್ಲಿ ಮೊದಲ ದಿನವೇ ಗುಳಿ ಬೀಳುತ್ತದೆ. ಬೇರಿಂಗನ್ನು ಶಾಫ್ಟಿನ ಮೇಲೆ ಹಿಡಿದಿಡುವ ಒತ್ತುಬಳೆಯನ್ನು ಮರುಬಳಸಬಾರದು. ಒಂದು ಬದಿ ಕೆಟ್ಟಿತೆಂದು ಇನ್ನೊಂದನ್ನೂ ಬದಲಿಸಲೇಬೇಕೆಂಬ ನಿಯಮವಿಲ್ಲ. ಬಲಬದಿ ಕೈಗೆ ನುಣುಪಾಗಿದ್ದು, ಸೀಲು ಸೋರದಿದ್ದರೆ ಹಾಗೇ ಬಿಡಬಹುದು.

ಮುಂದಿನ ಹಬ್ಬುಗಳ ಬಗ್ಗೆಯೂ ಒಂದು ಎಚ್ಚರಿಕೆ, ಏಕೆಂದರೆ ಅವನ್ನು ಎರಡು ಸಲ ಬಿಚ್ಚಲಾಗಿದೆ. ಟೇಪರ್ ರೋಲರ್ ಬೇರಿಂಗಿನ ನಟ್ಟನ್ನು ಸದ್ದು ನಿಲ್ಲಲೆಂದು ಬಿಗಿ ಮಾಡುವ ಅಭ್ಯಾಸ ಕೆಲವರಿಗಿದೆ. ಅದರಿಂದ ಬೇರಿಂಗ್ ಕಾದು ಸುಟ್ಟು ಹೋಗುತ್ತದೆ. ಸರಿಯಾದ ಕ್ರಮವೆಂದರೆ ಚಕ್ರವನ್ನು ತಿರುಗಿಸುತ್ತಲೇ ನಟ್ಟು ಬಿಗಿದು ರೋಲರ್‌ಗಳನ್ನು ಕೂರಿಸಿ, ಆಮೇಲೆ ಸಡಿಲಿಸಿ, ತಯಾರಕರ ಕೈಪಿಡಿ ಹೇಳಿದ ಅಳತೆಗೆ ಹೊಂದಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕುವುದು. ಅನೇಕ ಗಾಡಿಗಳಲ್ಲಿ ಆ ಸಡಿಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ಎಡ ಬೇರಿಂಗ್ ಬದಲಿಸಿದಾಗ ಹಬ್‌ನೊಳಗೆ ಕೂರುವ ಹೊರಬಳೆಯನ್ನೂ ಬದಲಿಸಿದರೇ ಎಂದು ಕೇಳಿ ತಿಳಿಯಿರಿ. ಹಳೆಯ ಬಳೆಯಲ್ಲಿ ಹೊಸ ರೋಲರ್ ಕೂರಿಸಿದ್ದರೆ ಅದು ಹೆಚ್ಚು ಕಾಲ ಬಾಳದು.

ಬಿಚ್ಚಿದ ಹಳೆಯ ಬೇರಿಂಗನ್ನು ಬಿಸಾಡಲು ಬಿಡದೆ ಕೇಳಿ ಪಡೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು ನಿಧಾನವಾಗಿ ಕೈಯಲ್ಲಿ ತಿರುಗಿಸಿ; ಗಾಳಿಯ ಪೈಪ್ ಬಿಟ್ಟು ಗಿರಗಿರ ತಿರುಗಿಸಬೇಡಿ, ಗುಂಡು ಸಿಡಿಯಬಹುದು. ಚಕ್ಕೆ ಎದ್ದ ಗುಳಿ, ನೀಲಿ ಬಣ್ಣ ಅಥವಾ ತುಕ್ಕಿನ ಪಟ್ಟೆ ಕಂಡರೆ ರೋಗವೂ ಅದರ ಕಾರಣವೂ ಒಟ್ಟಿಗೇ ಸಿಕ್ಕವು: ಚಕ್ಕೆ ಹೊರೆಯನ್ನು, ನೀಲಿ ಶಾಖವನ್ನು, ತುಕ್ಕು ನೀರನ್ನು ತೋರಿಸುತ್ತದೆ. ಕನ್ನಡಿಯಂತೆ ನುಣುಪಾಗಿದ್ದು ಒಂದಿಷ್ಟೂ ತಡೆಯದೆ ತಿರುಗಿದರೆ, ಹೊಸ ಬೇರಿಂಗ್ ಹಾಕಿದ್ದರಿಂದಲೂ ಸದ್ದು ಹೋಗುವುದಿಲ್ಲವೆಂದು ಆಗಲೇ ತಿಳಿದುಕೊಂಡು, ಪ್ರೊಪೆಲ್ಲರ್ ಶಾಫ್ಟಿನ ನಡು ಬೇರಿಂಗನ್ನೂ ಡಿಫರೆನ್ಷಿಯಲ್‌ನ ಬದಿಯ ಬೇರಿಂಗುಗಳನ್ನೂ ನೋಡಲು ಹೇಳಿ.

ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ ಮೊದಲು ಖಾಲಿಯಾಗಿ, ಆಮೇಲೆ ಅದೇ ಹೊರೆಯೊಂದಿಗೆ, 45ರಿಂದ 70ರವರೆಗೆ ಓಡಿಸಿ. ಬಲ ತಿರುವಿನಲ್ಲಿ ಕಿವಿಗೊಡಿ. ತಿರುವಿಗೆ ಬದಲಾಗದ, ರಸ್ತೆಗೆ ತಕ್ಕಂತೆ ಬದಲಾಗುವ ಸಣ್ಣ ಮೊರೆತ ಉಳಿದಿದ್ದರೆ ಅದು ಹಳೆಯ ಟೈರುಗಳದ್ದು, ಅವು ಸವೆದು ಬದಲಾಗುವವರೆಗೆ ಸಹಿಸಬಹುದಾದದ್ದು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ, ಎಡ ಬಲ ಹಬ್‌ಗಳ ಬಿಸಿ ಒಂದೇ ಸಮನಾಗಿದೆಯೇ ಎಂದು ಹೋಲಿಸಿ, ಆಮೇಲೆ ಹೊರೆ ಹೇರಿ.